ಎಲ್ಲಿಂದ ಬಂತು, ಯಾರು ಹೇಳಿದರು? ವಸ್ತುಸಂಗ್ರಹಾಲಯದ ದಾಖಲೆ ಕೆಡದಂತೆ ಕಾಯುವ ಬಗೆ

ಕೃಷ್ಣೆಯ ದಂಡೆಯ ಗಲಗಲಿಯನ್ನು ಹಳೆಯ ದಾಖಲೆಗಳಲ್ಲಿ ಹುಡುಕಹೊರಟರೆ ಒಂದೇ ಹೆಸರಿನಲ್ಲಿ ಅದು ಸಿಗುವುದಿಲ್ಲ. ಔರಂಗಜೇಬನ ದಂಡು ಇಲ್ಲಿ ಬೀಡುಬಿಟ್ಟಿದ್ದಾಗ, 1695ರಲ್ಲಿ, ಬಾದಶಹನನ್ನು ಕಂಡುಹೋದ ಇಟಲಿಯ ಪ್ರವಾಸಿ ಜೆಮೆಲ್ಲಿ ಕರೇರಿ ಬರೆದದ್ದು ‘ಗಲ್ಗಲಾ’ ಎಂದು. ಇಂಗ್ಲಿಷರ ಕಾಗದಗಳಲ್ಲಿ ಅದು ‘ಗಲ್ಗಲಿ’. ಈ ಭಾಗದ ಜಿಲ್ಲೆಯ ಹೆಸರೂ ನಿಂತಿಲ್ಲ. ಮೊದಲು ಕಲಾದಗಿ, ಜಿಲ್ಲಾ ಕೇಂದ್ರ 1885ರಲ್ಲಿ ವಿಜಾಪುರಕ್ಕೆ ಹೋದ ಮೇಲೆ ವಿಜಾಪುರ, 1997ರಿಂದ ಬಾಗಲಕೋಟೆ. ಆ ವಿಜಾಪುರವೂ 2014ರಲ್ಲಿ ವಿಜಯಪುರವಾಯಿತು. ಪಕ್ಕದ ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ. 1948ರಲ್ಲಿ ಎರಡೂ ಮುಂಬಯಿ ಪ್ರಾಂತಕ್ಕೆ ಸೇರಿದವು. ರಬಕವಿ-ಬನಹಟ್ಟಿ ಈಗ ತಾಲ್ಲೂಕು, ಮೊದಲು ಜಮಖಂಡಿ ತಾಲ್ಲೂಕಿನ ಭಾಗ.

ಈ ಸೀಮೆಯ ಒಂದು ಕಲ್ಲು, ಒಂದು ತಾಡವಾಲೆ ಕಟ್ಟು, ಒಂದು ಸೀರೆ ಯಾವುದೋ ವಸ್ತುಸಂಗ್ರಹಾಲಯ ಸೇರಿತು ಎನ್ನಿ. ಅದರ ಚೀಟಿಯಲ್ಲಿ ‘ವೀರಗಲ್ಲು, ಬಿಳಗಿ, ಹಳೆಯದು’ ಎಂದಷ್ಟೇ ಇದ್ದರೆ ಐವತ್ತು ವರ್ಷದ ನಂತರ ಬರುವ ಸಂಶೋಧಕರಿಗೆ ಅದು ಏನನ್ನೂ ಹೇಳುವುದಿಲ್ಲ. ಏಕೆಂದರೆ ಬಾಗಲಕೋಟೆ ಜಿಲ್ಲೆಯಲ್ಲಿ ಬೀಳಗಿ ಇದೆ; ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನಲ್ಲಿ ರತ್ನತ್ರಯ ಬಸದಿಯ ಬಿಳಗಿಯೂ ಇದೆ. ಎರಡೂ ಕಡೆ ಶಾಸನಗಳಿವೆ, ಹಳೆಯ ಶಿಲ್ಪಗಳಿವೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರಂತೂ ದೀರ್ಘ-ಹ್ರಸ್ವ ಅಳಿಸಿಹೋಗಿ ಎರಡೂ ಒಂದೇ ಊರಾಗಿಬಿಡುತ್ತವೆ.

ವಸ್ತುಸಂಗ್ರಹಾಲಯ ಎಂದಾಗ ನಮಗೆ ನೆನಪಾಗುವುದು ಬಾದಾಮಿ, ಐಹೊಳೆಗಳ ಪುರಾತತ್ವ ಸಂಗ್ರಹಾಲಯಗಳು, 1892ರಲ್ಲಿ ಆರಂಭವಾದ ಗೋಳಗುಮ್ಮಟದ ಸಂಗ್ರಹಾಲಯ, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ. ಆದರೆ ವಸ್ತುಗಳು ಅಲ್ಲಿ ಮಾತ್ರ ಇಲ್ಲ. ಮಠದ ಅಟ್ಟ, ಶಾಲೆಯ ಒಂದು ಕೋಣೆ, ನೇಕಾರರ ಸಂಘದ ಕಪಾಟು, ಪಂಡಿತ ಮನೆತನಗಳ ಪೆಟ್ಟಿಗೆ ಎಲ್ಲವೂ ಚಿಕ್ಕ ಸಂಗ್ರಹಗಳೇ. ಅಲ್ಲಿ ಕ್ಯುರೇಟರ್ ಇರುವುದಿಲ್ಲ. ಆಸಕ್ತಿಯಿರುವ ಒಬ್ಬ ಮೇಷ್ಟ್ರು, ಒಬ್ಬ ನಿವೃತ್ತ ಗ್ರಂಥಪಾಲಕರು ಇರುತ್ತಾರೆ. ಈ ಲೇಖನ ಮುಖ್ಯವಾಗಿ ಅವರಿಗಾಗಿ.

ಮೊದಲು ಎಣಿಕೆ, ಆಮೇಲೆ ವಿವರಣೆ

ಹೊಸದಾಗಿ ದಾಖಲೆ ಶುರುಮಾಡುವವರು ಸಾಮಾನ್ಯವಾಗಿ ಅತ್ಯುತ್ತಮವಾದ ಹತ್ತು ವಸ್ತುಗಳನ್ನು ಎತ್ತಿಕೊಂಡು ಪುಟಗಟ್ಟಲೆ ಬರೆಯುತ್ತಾರೆ. ಉಳಿದ ನಾನೂರು ಹಾಗೆಯೇ ಉಳಿಯುತ್ತವೆ. ಕಳುವಾಗುವುದು ಆ ನಾನೂರರಲ್ಲಿ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲೇ ಇದು ನಡೆಯಿತು. ಅಲ್ಲಿ ಸುಮಾರು 2,000 ವಸ್ತುಗಳು ಕಾಣೆಯಾಗಿವೆ, ಕಳುವಾಗಿವೆ ಇಲ್ಲವೇ ಹಾಳಾಗಿವೆ ಎಂಬ ಸಂಗತಿ 2023ರ ಆಗಸ್ಟ್‌ನಲ್ಲಿ ಬಯಲಿಗೆ ಬಂತು. ಅವುಗಳಲ್ಲಿ ಹೆಚ್ಚಿನವು ಉಗ್ರಾಣದಲ್ಲಿದ್ದ, ಸರಿಯಾಗಿ ನೋಂದಣಿಯಾಗದ ಚಿಕ್ಕ ಹರಳು, ಆಭರಣಗಳು. ನಿರ್ದೇಶಕರು ರಾಜೀನಾಮೆ ಕೊಟ್ಟರು. ಇಡೀ ಸಂಗ್ರಹವನ್ನು ಐದು ವರ್ಷದಲ್ಲಿ ಡಿಜಿಟಲ್ ದಾಖಲೆಗೆ ತರುವ ಯೋಜನೆ ಘೋಷಣೆಯಾಯಿತು. ನಮ್ಮಲ್ಲೂ 2013ರ ಸಿಎಜಿ ವರದಿ ಪುರಾತತ್ವ ಸರ್ವೇಕ್ಷಣದ ರಕ್ಷಣೆಯಲ್ಲಿದ್ದ 92 ಸ್ಮಾರಕಗಳು ಸ್ಥಳದಲ್ಲಿ ಕಾಣಲಿಲ್ಲವೆಂದು ಹೇಳಿತು. ಸಂಗ್ರಹಾಲಯಗಳ ದಾಖಲೆಯಲ್ಲಿನ ಲೋಪಗಳನ್ನೂ ಎತ್ತಿ ತೋರಿಸಿತು.

ಆದ್ದರಿಂದ ಮೊದಲ ಸುತ್ತಿನಲ್ಲಿ ಪ್ರತಿಯೊಂದು ವಸ್ತುವಿಗೂ ಕೆಲವೇ ಕೆಲವು ವಿವರ ಸಾಕು: ಸಂಖ್ಯೆ, ವಸ್ತುವಿನ ಹೆಸರು, ಎಷ್ಟು ಬಿಡಿಭಾಗ, ಗುರುತು ಹಿಡಿಯಲು ಒಂದು ಸಾಲು, ಈಗ ಎಲ್ಲಿಟ್ಟಿದೆ, ಯಾರದು, ಬರೆದವರು ಯಾರು, ಬರೆದ ತಾರೀಖು. ಜೊತೆಗೆ ಒಂದು ಫೋಟೊ. ಬ್ರಿಟನ್ನಿನ ಸಂಗ್ರಹಾಲಯಗಳು ಅನುಸರಿಸುವ ‘ಸ್ಪೆಕ್ಟ್ರಮ್’ ಮಾನದಂಡ ಕನಿಷ್ಠ ದಾಖಲೆಗೆ ಕೇಳುವುದೂ ಹೆಚ್ಚುಕಡಿಮೆ ಇಷ್ಟನ್ನೇ. ಸಂಗ್ರಹದ ಎಲ್ಲ ವಸ್ತುಗಳಿಗೂ ಇಷ್ಟು ಮುಗಿಯುವವರೆಗೆ ಯಾವುದೇ ಒಂದರ ಬಗ್ಗೆ ಪ್ರಬಂಧ ಬರೆಯಲು ಕೂರದಿರುವುದು ಒಳ್ಳೆಯದು.

ಸಂಖ್ಯೆಗೆ ಸರಳ ಕ್ರಮವೊಂದಿದೆ: ಬಂದ ವರ್ಷ, ಆ ವರ್ಷದ ಎಷ್ಟನೆಯ ಕೊಡುಗೆ, ಆ ಕೊಡುಗೆಯಲ್ಲಿ ಎಷ್ಟನೆಯ ವಸ್ತು. 2024.3.12 ಎಂದರೆ 2024ರ ಮೂರನೆಯ ಕೊಡುಗೆಯ ಹನ್ನೆರಡನೆಯ ವಸ್ತು. ಸಂಖ್ಯೆಯೊಳಗೆ ‘ಶಿಲ್ಪ’, ‘ನಾಣ್ಯ’, ‘ಕಪಾಟು 2’ ಎಂಬ ಅರ್ಥ ತುರುಕಬೇಡಿ. ಕಪಾಟು ಬದಲಾದ ದಿನ ಸಂಖ್ಯೆ ಸುಳ್ಳಾಗುತ್ತದೆ. ಒಮ್ಮೆ ಕೊಟ್ಟ ಸಂಖ್ಯೆಯನ್ನು, ವಸ್ತು ಕಳೆದರೂ ಮರಳಿಸಿದರೂ, ಇನ್ನೊಂದಕ್ಕೆ ಕೊಡಬಾರದು. ಹಳೆಯ ಸಂಖ್ಯೆಗಳಿದ್ದರೆ ಅಳಿಸದೆ ‘ಹಿಂದಿನ ಸಂಖ್ಯೆ’ ಎಂಬ ಅಂಕಣದಲ್ಲಿ ಉಳಿಸಿ. ಹಳೆಯ ಪತ್ರವ್ಯವಹಾರಕ್ಕೂ ವಸ್ತುವಿಗೂ ನಡುವೆ ಉಳಿದ ಕೊಂಡಿ ಅದೊಂದೇ ಆಗಿರಬಹುದು.

ಕಲ್ಲು, ಲೋಹಗಳ ಮೇಲೆ ಕಣ್ಣಿಗೆ ಬೀಳದ ಕಡೆ ಪ್ಯಾರಲಾಯ್ಡ್ ಬಿ-72 ಎಂಬ ಪಾರದರ್ಶಕ ರಾಳದ ತೆಳು ಲೇಪ ಹಚ್ಚಿ, ಒಣಗಿದ ಮೇಲೆ ಶಾಯಿಯಲ್ಲಿ ಸಂಖ್ಯೆ ಬರೆದು, ಮೇಲೊಂದು ಲೇಪ ಕೊಡುವುದು ರೂಢಿ, ಬೇಕೆಂದಾಗ ತೆಗೆಯಬಹುದು. ಬಟ್ಟೆಗೆ ಹತ್ತಿಯ ಪಟ್ಟಿಯ ಮೇಲೆ ಸಂಖ್ಯೆ ಬರೆದು ಮೂಲೆಗೆ ಸಡಿಲವಾಗಿ ಹೊಲಿಯಬೇಕು. ತಾಡವಾಲೆಯ ಗರಿಯ ಮೇಲೆ ಏನನ್ನೂ ಬರೆಯಬಾರದು. ಬಣ್ಣದ ಡಬ್ಬಿ ಹಿಡಿದು ವೀರಗಲ್ಲಿನ ಎದೆಗೇ ಸಂಖ್ಯೆ ಬರೆದಿರುವುದನ್ನು ಎಷ್ಟೋ ಊರುಗಳಲ್ಲಿ ನೋಡುತ್ತೇವೆ. ಅದು ದಾಖಲೆಯಲ್ಲ, ಗಾಯ.

ಊರಿನ ಹೆಸರಿಗೆ ಮೂರು ಮನೆ

ದಾಖಲೆಯ ಎಲ್ಲ ಅಂಕಣಗಳಲ್ಲಿ ನನಗೆ ಹೆಚ್ಚು ಕಾಳಜಿಯಿರುವುದು ‘ಎಲ್ಲಿ ಸಿಕ್ಕಿತು’ ಎಂಬುದರ ಬಗ್ಗೆ. ಶಿಲ್ಪದ ಅಳತೆ ತಪ್ಪಾದರೆ ನಾಳೆ ಮತ್ತೆ ಅಳೆಯಬಹುದು. ಸಿಕ್ಕ ಜಾಗವನ್ನು ವಸ್ತು ತಾನಾಗಿ ಹೇಳುವುದಿಲ್ಲ. ಬೀಳಗಿ ಸೀಮೆಯಲ್ಲಿ ಇನ್ನೂ ಒಂದು ತೊಂದರೆ ಇದೆ: ಮರಳಿ ಹೋಗಿ ನೋಡೋಣವೆಂದರೆ ಆ ಜಾಗವೇ ಇಲ್ಲದಿರಬಹುದು. ಆಲಮಟ್ಟಿಯ ಹಿನ್ನೀರಿನಲ್ಲಿ ಬೀಳಗಿ, ಬಾಗಲಕೋಟೆ ತಾಲ್ಲೂಕುಗಳ ಎಷ್ಟೋ ಊರು ಮುಳುಗಿದವು. ಈಗ ನೀರು ನಿಲ್ಲಿಸುವ ಮಟ್ಟ 519.60 ಮೀಟರ್; ಅದನ್ನು 524.256 ಮೀಟರಿಗೆ ಏರಿಸುವ ಯೋಜನೆ ಮುಂದಿದೆ. ಇನ್ನಷ್ಟು ಓಣಿ, ಗುಡಿಕಟ್ಟೆ, ಹೊಲದ ಬದು ನೀರಿಗೆ ಸೇರುತ್ತವೆ. ಪುನರ್ವಸತಿ ಕೇಂದ್ರಕ್ಕೆ ಸಾಗಿಸಿದ ಮೂರ್ತಿಯ ಮುಂದೆ ಹೊಸ ಊರಿನ ಹೆಸರನ್ನಷ್ಟೇ ಬರೆದಿಟ್ಟರೆ, ಹಳೆಯ ಊರಿನ ಯಾವ ಅಗಸೆಯ ಬಳಿ, ಯಾವ ದಿಕ್ಕಿಗೆ ಮುಖಮಾಡಿ ಅದು ನಿಂತಿತ್ತೆಂಬುದು ಅಲ್ಲಿ ಬದುಕಿದ ಹಿರಿಯರೊಂದಿಗೇ ಹೋಗುತ್ತದೆ.

ಹಾಗಾಗಿ ಸ್ಥಳಕ್ಕೆ ಒಂದು ಅಂಕಣ ಸಾಲದು. ಮೊದಲನೆಯದು, ಮೂಲ ಚೀಟಿಯಲ್ಲಿ ಅಥವಾ ಕೊಟ್ಟವರ ಬಾಯಲ್ಲಿ ಇದ್ದಂತೆ: ‘ಬಿಳಗಿ, ಕಲಾದಗಿ ಜಿಲ್ಲೆ’ ಎಂದಿದ್ದರೆ ಅಕ್ಷರಶಃ ಹಾಗೆಯೇ. ಎರಡನೆಯದು, ಇಂದಿನ ಅಧಿಕೃತ ಹೆಸರು: ಊರು, ತಾಲ್ಲೂಕು, ಜಿಲ್ಲೆ, ಕನ್ನಡದಲ್ಲಿ ಮತ್ತು ನಿಗದಿಪಡಿಸಿದ ಒಂದೇ ಇಂಗ್ಲಿಷ್ ಕಾಗುಣಿತದಲ್ಲಿ. ಮೂರನೆಯದು ಅಕ್ಷಾಂಶ-ರೇಖಾಂಶ, ಅದರ ಜೊತೆಗೆ ಅದು ಎಷ್ಟು ನಿಖರ ಎಂಬ ಒಂದು ಮಾತು. ಮೊಬೈಲಿನ ನಕ್ಷೆಯಲ್ಲಿ ದಶಮಾಂಶದ ನಂತರ ನಾಲ್ಕು ಅಂಕಿ ಬರೆದರೆ ಸುಮಾರು ಹನ್ನೊಂದು ಮೀಟರಿನೊಳಗೆ ಜಾಗ ಸಿಗುತ್ತದೆ. ಆದರೆ ನಿಮಗೆ ಗೊತ್ತಿರುವುದು ಊರಿನ ಹೆಸರು ಮಾತ್ರ ಎಂದಾದರೆ ಊರ ನಡುವಿನ ಬಿಂದು ಬರೆದು ‘ಊರಿನ ಮಟ್ಟಕ್ಕೆ’ ಎಂದು ಹೇಳಿಬಿಡಿ. ಗೊತ್ತಿಲ್ಲದ ನಿಖರತೆಯನ್ನು ಅಂಕಿಗಳು ನಟಿಸಬಾರದು.

ಎರಡನೆಯ ಅಂಕಣಕ್ಕೆ ಒಂದು ಊರಪಟ್ಟಿ ಮಾಡಿಟ್ಟುಕೊಳ್ಳಿ. ಗಲಗಲಿ ಎಂಬ ತಲೆಹೆಸರಿನಡಿ ಗಲ್ಗಲಿ, ಗಲ್ಗಲಾ ಬರುತ್ತವೆ. ಮುಧೋಳದಡಿ ಮುದೋಳ, ಶಾಸನ-ಕಾವ್ಯಗಳ ಕಾಲದ ಮುದುವೊಳಲು ಬರುತ್ತವೆ. ತೆಲಂಗಾಣದ ನಿರ್ಮಲ್ ಜಿಲ್ಲೆಯ ಮುಧೋಲ್ ಬೇರೆ ಎಂಬ ಎಚ್ಚರಿಕೆಯ ಸಾಲೂ ಅಲ್ಲೇ ಇರಲಿ. ಗಳಗನಾಥ ಎಂಬ ಹೆಸರು ಬಂದಲ್ಲಿ ಇನ್ನೂ ಜಾಗ್ರತೆ ಬೇಕು. ಹಾವೇರಿ ಸೀಮೆಯಲ್ಲಿ ವರದೆ ತುಂಗಭದ್ರೆಯನ್ನು ಸೇರುವಲ್ಲಿರುವ ಊರು ಅದು. ಪಟ್ಟದಕಲ್ಲಿನ ಒಂದು ಗುಡಿಯೂ ಅದೇ. ಕಾದಂಬರಿಕಾರ ವೆಂಕಟೇಶ ತಿರಕೊ ಕುಲಕರ್ಣಿಯವರ ಕಾವ್ಯನಾಮವೂ ಅದೇ. ಇಂಗ್ಲಿಷಿನಲ್ಲಿ ಲಕಾರ-ಳಕಾರ ಬೆರೆತು ಗಲಗಲಿಯ ಪಕ್ಕದಲ್ಲೇ ಅದು ಕೂರುತ್ತದೆ. ಮೊದಲ ನಾಲ್ಕು ಅಕ್ಷರ ಒತ್ತಿದೊಡನೆ ಉಳಿದದ್ದನ್ನು ತಾನೇ ತುಂಬುವ ಕಂಪ್ಯೂಟರಿನ ಮುಂದೆ ಕುಳಿತವರು ಯಾವ ಊರನ್ನು ಆರಿಸಿದರೆಂದು ಎರಡನೆಯ ಸಲ ನೋಡಲೇಬೇಕು.

ಶಕವರ್ಷ, ಅರಬಿ ಸನ, ಸಂವತ್ಸರ

ಕಾಲದ ಅಂಕಣವೂ ಹೀಗೆಯೇ: ವಸ್ತುವಿನ ಮೇಲೆ ಇರುವುದು ಒಂದು, ನಾವು ಲೆಕ್ಕಹಾಕಿದ್ದು ಇನ್ನೊಂದು. ಎರಡನ್ನೂ ಬರೆಯಬೇಕು.

ಶಾಲಿವಾಹನ ಶಕಕ್ಕೆ 78 ಕೂಡಿಸಿದರೆ ಕ್ರಿಸ್ತವರ್ಷ ಬರುತ್ತದೆಂದು ಎಲ್ಲರಿಗೂ ಗೊತ್ತು. ಬಾದಾಮಿಯ ಬಂಡೆಯ ಮೇಲೆ ಮೊದಲ ಪುಲಕೇಶಿಯ ಶಾಸನದ ಶಕ 465 ಹೀಗೆ 543 ಆಗುತ್ತದೆ. ಐಹೊಳೆಯಲ್ಲಿ ರವಿಕೀರ್ತಿಯ ಶಾಸನದ ಶಕ 556 ಎಂದರೆ 634-35. ಆದರೆ ಶಕವರ್ಷ ಶುರುವಾಗುವುದು ಚೈತ್ರದಲ್ಲಿ. ಜನವರಿಯಿಂದ ಯುಗಾದಿಯವರೆಗಿನ ತಿಥಿಗಳಿಗೆ ಕೂಡಿಸಬೇಕಾದದ್ದು 79. ತಿಂಗಳು ಗೊತ್ತಿಲ್ಲದಿದ್ದರೆ ಎರಡೂ ವರ್ಷ ಬರೆಯುವುದೇ ಸರಿ. ಈ ಭಾಗದ ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಚಾಲುಕ್ಯ ವಿಕ್ರಮ ವರ್ಷ ಹೇರಳ. ಆರನೆಯ ವಿಕ್ರಮಾದಿತ್ಯ 1076ರಲ್ಲಿ ಆರಂಭಿಸಿದ ಎಣಿಕೆ ಅದು; 1075 ಕೂಡಿಸಬೇಕು. ಅವಸರದಲ್ಲಿ ಅದನ್ನು ಶಕವರ್ಷವೆಂದೋ ಉತ್ತರದ ವಿಕ್ರಮ ಸಂವತ್ ಎಂದೋ ಓದಿದರೆ ಶತಮಾನಗಳೇ ಪಲ್ಲಟವಾಗುತ್ತವೆ.

ಜಮಖಂಡಿ, ಮುಧೋಳಗಳ ಸಂಸ್ಥಾನದ ಕಾಲದ ಮೋಡಿ ಲಿಪಿಯ ಕಾಗದಗಳಿಗೆ ಬಂದರೆ ಇನ್ನೊಂದೇ ಲೋಕ. ಅಲ್ಲಿ ವರ್ಷವನ್ನು ಅಂಕಿಯಲ್ಲಲ್ಲ, ಅರಬಿ ಮೂಲದ ಮಾತುಗಳಲ್ಲಿ ಬರೆಯುತ್ತಾರೆ. ‘ಇಹಿದೆ ಸಿತ್ತೈನ ಮಯ್ಯಾ ವ ಅಲಫ್’ ಎಂದರೆ ಒಂದು, ಅರವತ್ತು, ನೂರು ಮತ್ತು ಸಾವಿರ. ಅಂದರೆ ಶುಹೂರ್ (ಅರಬಿ) ಸನ 1161. ಇದು ಮೃಗಶಿರ ಮಳೆಯ ಹೊತ್ತಿಗೆ, ಮೇ ಕೊನೆ-ಜೂನ್ ಆರಂಭಕ್ಕೆ, ಬದಲಾಗುವ ವರ್ಷ. ಅಲ್ಲಿಂದ ಡಿಸೆಂಬರ್‌ವರೆಗೆ 599, ಜನವರಿಯಿಂದ ಮೇ ತಿಂಗಳವರೆಗೆ 600 ಕೂಡಿಸಬೇಕು. ಅಂದರೆ ಆ ಕಾಗದ 1760-61ರದು, ಪಾಣಿಪತ್ ಕದನದ ವರ್ಷದ್ದು. ಅದನ್ನೇ ಹಿಜರಿ ಎಂದು ಭಾವಿಸಿ ಪರಿವರ್ತಿಸಿದರೆ 1748 ಬರುತ್ತದೆ. ಪಾಣಿಪತ್‌ಗೆ ಹೊರಟ ದಂಡಿನ ಕಾಲದ ಕಾಗದ ಶಾಹು ಮಹಾರಾಜರು ಬದುಕಿದ್ದ ಕಾಲಕ್ಕೆ ಸರಿದುಬಿಡುತ್ತದೆ. ಆದ್ದರಿಂದ ಕಾಗದದಲ್ಲಿದ್ದ ಮಾತು, ಯಾವ ಎಣಿಕೆ, ಲೆಕ್ಕದ ಫಲ, ಈ ಮೂರೂ ದಾಖಲೆಯಲ್ಲಿ ಇರಲೇಬೇಕು. ಲೆಕ್ಕ ತಪ್ಪಿದ್ದರೆ ಮುಂದಿನವರು ತಿದ್ದುತ್ತಾರೆ. ಮೂಲವನ್ನೇ ಬಿಟ್ಟಿದ್ದರೆ ತಿದ್ದಲು ಏನೂ ಉಳಿದಿರುವುದಿಲ್ಲ.

ಮನೆಯ ಖಾತೆ ಪುಸ್ತಕಗಳಲ್ಲಿ ಬರಿಯ ಸಂವತ್ಸರದ ಹೆಸರು ಇರುವುದುಂಟು. ಪ್ರಭವ ಎಂದರೆ 1987, 1927, 1867 ಯಾವುದೂ ಆಗಬಹುದು. ಕಾಗದ, ಲಿಪಿ, ಅದರಲ್ಲಿ ಬರುವ ನಾಣ್ಯದ ಹೆಸರು ಒಂದನ್ನು ಸ್ಪಷ್ಟವಾಗಿ ತೋರಿಸದಿದ್ದರೆ ಎಲ್ಲ ಸಾಧ್ಯತೆಗಳನ್ನೂ ಬರೆದು ಬಿಡಿ.

ತಾರೀಖೇ ಇಲ್ಲದ ಶಿಲ್ಪಗಳಿಗೆ ‘10ನೇ ಶತಮಾನ’ ಎಂಬ ಮಾತಿನ ಜೊತೆಗೆ ಎರಡು ಅಂಕಿ ಕೊಡಿ: ಅತಿ ಹಿಂದೆ 901, ಅತಿ ಈಚೆ 1000. ಕಂಪ್ಯೂಟರಿಗೆ ‘ಸುಮಾರು’, ‘ಪ್ರಾಯಶಃ’ ಅರ್ಥವಾಗುವುದಿಲ್ಲ. ಈ ಎರಡು ಅಂಕಿಗಳಿದ್ದರೆ ಹುಡುಕಾಟದಲ್ಲಿ ವಸ್ತು ತಪ್ಪಿಸಿಕೊಳ್ಳುವುದಿಲ್ಲ.

ಒಂದು ಸೀರೆಯನ್ನು ಹತ್ತಿರದಿಂದ

ರಬಕವಿ-ಬನಹಟ್ಟಿಯ ಮಗ್ಗಗಳ ಸೀಮೆಯಲ್ಲಿ ಯಾರೇ ಸಂಗ್ರಹ ಕಟ್ಟಿದರೂ ಅದರಲ್ಲಿ ಸೀರೆಗಳಿರುತ್ತವೆ. ‘ಇಳಕಲ್ ಸೀರೆ, ಕೆಂಪು ದಡಿ, ಹಳೆಯದು’ ಎಂಬ ದಾಖಲೆಯನ್ನು ಊಹಿಸಿಕೊಳ್ಳಿ. ಇದರಲ್ಲಿ ಎಷ್ಟು ಪ್ರಶ್ನೆ ಅಡಗಿವೆ ನೋಡಿ. ಇಳಕಲ್ ಎಂಬುದು ಇಲ್ಲಿ ನೇಯ್ಗೆಯ ಬಗೆಯೋ, ನೇಯ್ದ ಊರೋ, ಕೊಂಡ ಪೇಟೆಯೋ? ಆ ಬಗೆಯ ಸೀರೆ ಇಳಕಲ್ಲಿನಲ್ಲೇ ನೇಯ್ದದ್ದಾಗಿರಬೇಕೆಂದಿಲ್ಲ. ಸುತ್ತಲಿನ ಎಷ್ಟೋ ಊರುಗಳ ಮಗ್ಗಗಳಿಂದ ಅದು ಬಂದಿರಬಹುದು. ಆದ್ದರಿಂದ ಬಗೆ, ನೇಯ್ದ ಊರು, ಉಟ್ಟವರ ಊರು, ಈ ಮೂರಕ್ಕೂ ಬೇರೆ ಬೇರೆ ಅಂಕಣ.

ಆಮೇಲೆ ಸೀರೆಯನ್ನು ಮೇಜಿನ ಮೇಲೆ ಹರಡಿ. ಒಡಲು ಯಾವ ನೂಲು, ಸೆರಗು ಯಾವ ನೂಲು? ಹತ್ತಿಯೋ, ರೇಷ್ಮೆಯೋ, ಕೃತಕ ರೇಷ್ಮೆಯೋ? ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ನಡುವೆ ಕೊಂಡಿ ಹಾಕಿ ಜೋಡಿಸಿದ ಗುರುತು ಇದೆಯೇ? ಇದ್ದರೆ ಅದೊಂದು ದೊಡ್ಡ ಸಾಕ್ಷಿ, ಬರೆಯಿರಿ. ಸೆರಗು ತೋಪು-ತೆನೆಯದೇ? ದಡಿ ಚಿಕ್ಕಿಯೋ, ಗೋಮಿಯೋ, ಗಾಡಿಯೋ? ನೇಕಾರರು ಹೇಳಿದ ಹೆಸರನ್ನು ‘ಸ್ಥಳೀಯ ಹೆಸರು’ ಅಂಕಣದಲ್ಲಿ ಅವರ ಉಚ್ಚಾರದಂತೆಯೇ ಇಡಿ. ಹುಡುಕಾಟಕ್ಕಾಗಿ ಪಕ್ಕದಲ್ಲಿ ಒಂದೇ ರೀತಿಯ ತಲೆಹೆಸರು ಇರಲಿ. ಕಸೂತಿ ಇದ್ದರೆ ಬಟ್ಟೆಯ ಹಿಂಭಾಗವನ್ನು ನೋಡದೆ ಬರೆಯಬೇಡಿ. ಗವಂತಿ, ಮುರಗಿಗಳಲ್ಲಿ ಎರಡೂ ಬದಿ ಒಂದೇ ತೆರ ಕಾಣುತ್ತದೆ, ನೇಗಿಯಲ್ಲಿ ಹಾಗಲ್ಲ, ಮೆಂತೆಯಲ್ಲಿ ದಾರಗಳು ಒಂದನ್ನೊಂದು ಅಡ್ಡಹಾಯುತ್ತವೆ. ಎರಡೂ ದಡಿಯ ಉದ್ದ ಅಳೆಯಿರಿ, ಅವು ಒಂದೇ ಇರಬೇಕೆಂದಿಲ್ಲ. ಹರಿದಲ್ಲಿ, ತೊಳೆದು ಬಣ್ಣ ಹರಡಿದಲ್ಲಿ ಗುರುತಿಸಿ. ಕೊಟ್ಟ ಮನೆಯವರು ‘ಅಜ್ಜಿಯ ಮದುವೆಯದು’ ಎಂದರೆ ಅದನ್ನು ಕಾಲದ ಅಂಕಣಕ್ಕೆ ಹಾಕದೆ, ‘ಕೊಟ್ಟವರ ಹೇಳಿಕೆ’ ಎಂಬಲ್ಲಿ ಹಾಕಿ. ಹೇಳಿದ ತಾರೀಖು ಸೇರಿಸಿ.

ಕಲ್ಲಿಗೂ ಇದೇ ಮಾತು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಶಾಸನವಿದೆ, ಕ್ರಿ.ಶ. 949-50ರದು. ಕಾಳಿ ಎಂಬ ಬೇಟೆನಾಯಿ ಹಂದಿಯೊಂದಿಗೆ ಹೋರಾಡಿದ ಚಿತ್ರ ಅದರ ಮೇಲಿದೆ. ಬೇಟೆನಾಯಿಗೆ ಹೆಸರಾದ ಮುಧೋಳದ ಓದುಗರೊಬ್ಬರು ‘ನಾಯಿ’ ಎಂದು ಹುಡುಕಿದಾಗ ಇಂಥ ಕಲ್ಲು ಸಿಗಬೇಕಾದರೆ, ದಾಖಲೆಯಲ್ಲಿ ಶಾಸನ, ಗಂಗ, ರಾಷ್ಟ್ರಕೂಟ ಎಂದಿದ್ದರೆ ಸಾಲದು. ಕಣ್ಣಿಗೆ ಕಾಣುವ ನಾಯಿಯೂ ಹಂದಿಯೂ ಅದರಲ್ಲಿ ಇರಬೇಕು.

ಗಲಗಲಿಯಂಥ ಪಂಡಿತ ಪರಂಪರೆಯ ಊರಿನ ಹಸ್ತಪ್ರತಿಗಳಲ್ಲಿ ಕಾಣುವ ಸಾಮಾನ್ಯ ತಪ್ಪು ಭಾಷೆ-ಲಿಪಿಗಳ ಬೆರಕೆ. ಭಾಷೆ ಸಂಸ್ಕೃತ, ಲಿಪಿ ನಂದಿನಾಗರಿ. ಭಾಷೆ ಮರಾಠಿ, ಲಿಪಿ ಮೋಡಿ: ಎರಡಕ್ಕೂ ಪ್ರತ್ಯೇಕ ಅಂಕಣ ಕಡ್ಡಾಯ. ಇನ್ನೊಂದು, ಕಟ್ಟು ಒಂದಾದರೂ ಒಳಗಿನ ಕೃತಿ ಒಂದೇ ಇರಬೇಕೆಂದಿಲ್ಲ. ಮೇಲಿನ ಗರಿಯ ಹೆಸರನ್ನೇ ಇಡೀ ಕಟ್ಟಿಗೆ ಕೊಟ್ಟದ್ದರಿಂದ ಒಳಗಿನ ಸಣ್ಣ ಕೃತಿಗಳು ತಲೆಮಾರುಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿಯುತ್ತವೆ. ಪ್ರತಿ ಕೃತಿಯ ಆದಿ, ಅಂತ್ಯ, ಗರಿಸಂಖ್ಯೆ, ಲಿಪಿಕಾರನ ಮಾತು ಬರೆದುಕೊಳ್ಳಿ.

ಕೀಲಿಮಣೆಯಲ್ಲಿ ಹುಟ್ಟುವ ತಪ್ಪು

ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಪಟ್ಟಿಗಳು ಇಂದಿಗೂ ಕಚೇರಿಗಳಲ್ಲಿವೆ. ತೆರೆದ ಮೇಲೆ ಕನ್ನಡದಂತೆ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಆ ಫಾಂಟು ಇಲ್ಲದ ಯಂತ್ರದಲ್ಲಿ ಅದು ಅರ್ಥವಿಲ್ಲದ ಗೀಚು. ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ, ಪರಿವರ್ತಿಸಿದ ಮೇಲೆ ಅರ್ಕಾವೊತ್ತು, ಒತ್ತಕ್ಷರ, ದೀರ್ಘಗಳನ್ನು ಸಾಲುಸಾಲಾಗಿ ಪರೀಕ್ಷಿಸಿ. ಮೂಲ ಕಡತವನ್ನು ಮಾತ್ರ ಎಸೆಯಬೇಡಿ.

ಅಂಕಿಗಳ ವಿಷಯದಲ್ಲಿ ಒಂದು ನಿರ್ಧಾರ ಬೇಕು. ಸಂಖ್ಯೆ, ಅಳತೆ, ವರ್ಷದ ಅಂಕಣಗಳಲ್ಲಿ 0-9 ಮಾತ್ರ. ವಸ್ತುವಿನ ಮೇಲಿನ ಬರಹವನ್ನು ನಕಲು ಮಾಡುವಾಗ ಮಾತ್ರ ಕನ್ನಡ ಅಂಕಿ. ಎರಡೂ ಬೆರೆತರೆ ಕಂಪ್ಯೂಟರ್ ವಿಂಗಡಿಸಲಾರದು. ಕೈಬರಹದ ರಿಜಿಸ್ಟರಿನಿಂದ ತುಂಬಿಸುವಾಗ ೩ ಮತ್ತು ೬ ಅದಲುಬದಲಾಗುವುದು ನಿತ್ಯದ ಮಾತು. ಒಬ್ಬರು ಓದಿ, ಇನ್ನೊಬ್ಬರು ಪರದೆಯನ್ನು ನೋಡುವ ಹಳೆಯ ಪದ್ಧತಿಯೇ ಇದಕ್ಕೆ ಮದ್ದು.

ಎಕ್ಸೆಲ್ ಬಳಸುವವರು ಶುರುವಿನಲ್ಲೇ ಸಂಖ್ಯೆಯ ಅಂಕಣವನ್ನು ‘ಟೆಕ್ಸ್ಟ್’ ಎಂದು ನಿಗದಿಮಾಡಿ. ಇಲ್ಲದಿದ್ದರೆ 3-12 ಎಂಬುದು ತಾರೀಖಾಗುತ್ತದೆ, 007 ಬರಿಯ 7 ಆಗುತ್ತದೆ. 1900ಕ್ಕಿಂತ ಹಿಂದಿನ ತಾರೀಖುಗಳನ್ನು ಅದು ತಾರೀಖೆಂದೇ ಒಪ್ಪುವುದಿಲ್ಲ. ದಿನ, ತಿಂಗಳು, ವರ್ಷಗಳನ್ನು ಬೇರೆ ಬೇರೆ ಅಂಕಣದಲ್ಲಿ ಬರೆಯಿರಿ. ಎಲ್ಲಕ್ಕಿಂತ ಭಯಂಕರವಾದದ್ದು ಒಂದೇ ಅಂಕಣವನ್ನು ಆರಿಸಿ ವಿಂಗಡಿಸುವುದು: ಊರುಗಳೆಲ್ಲ ಅಕಾರಾದಿಯಾಗಿ ಸರಿದು, ವಸ್ತುಗಳು ಇದ್ದಲ್ಲೇ ಉಳಿದು, ಪ್ರತಿ ಸಾಲೂ ಸುಳ್ಳಾಗುತ್ತದೆ. ಕಡತವನ್ನು ಉಳಿಸಿ ಮುಚ್ಚಿದ ಮೇಲೆ ಅದನ್ನು ಸರಿಪಡಿಸಲು ಹಿಂದಿನ ಪ್ರತಿ ಬಿಟ್ಟರೆ ದಾರಿಯಿಲ್ಲ.

ತಪ್ಪು ಹುಡುಕಲು ದುಡ್ಡು ಬೇಡ. ಇಡೀ ಹಾಳೆಯನ್ನು ಆರಿಸಿ, ಒಂದೊಂದು ಬಗೆಯ ವಸ್ತುಗಳನ್ನು ಅಳತೆಯ ಪ್ರಕಾರ ಚಿಕ್ಕದರಿಂದ ದೊಡ್ಡದಕ್ಕೆ ವಿಂಗಡಿಸಿ. 15 ಸೆಂಟಿಮೀಟರಿನ ವೀರಗಲ್ಲು, 210 ಸೆಂಟಿಮೀಟರಿನ ನಾಣ್ಯ ತಾವಾಗಿ ಮೇಲೆ-ಕೆಳಗೆ ಬಂದು ನಿಲ್ಲುತ್ತವೆ. ‘ಓಪನ್‌ರಿಫೈನ್’ ಎಂಬ ಉಚಿತ ತಂತ್ರಾಂಶ ಒಂದೇ ಹೆಸರಿನ ನಾನಾ ರೂಪಗಳನ್ನು ಎಣಿಸಿ ಒಟ್ಟಿಗೆ ತೋರಿಸುತ್ತದೆ: ಐಹೊಳೆ, ಐಹೊಳಿ, ಅಯ್ಯಾವೊಳೆ. ಒಂದಾಗಿಸಬೇಕೋ ಬೇಡವೋ ಎಂಬುದನ್ನು ನೀವು ತೀರ್ಮಾನಿಸಿ; ಯಂತ್ರಕ್ಕೆ ಬಿಡಬೇಡಿ.

ಆಧಾರವಿಲ್ಲದ ಮಾತಿಗೆ ಜಾಗವಿಲ್ಲ

ಹಲ್ಮಿಡಿ ಶಾಸನ 1936ರಲ್ಲಿ ಎಂ.ಎಚ್. ಕೃಷ್ಣ ಅವರಿಂದ ಬೆಳಕಿಗೆ ಬಂತು. ಅದರಲ್ಲಿ ತಾರೀಖಿಲ್ಲ. ಸುಮಾರು 450 ಎಂಬುದು ವಿದ್ವಾಂಸರ ನಿರ್ಣಯ. ಅದರ ಬಗ್ಗೆ ಭಿನ್ನಾಭಿಪ್ರಾಯವೂ ಇದೆ. ಇಷ್ಟು ಹೆಸರಾದ ಕಲ್ಲಿಗೇ ಹೀಗಿರುವಾಗ ನಮ್ಮ ಊರಿನ ಹೆಸರಿಲ್ಲದ ಶಿಲ್ಪಕ್ಕೆ ‘11ನೇ ಶತಮಾನ, ಚಾಲುಕ್ಯ’ ಎಂದು ಯಾರು ಹೇಳಿದರು ಎಂದು ಬರೆಯದೆ ಇರುವುದು ಹೇಗೆ? ಕಾಲ, ವಸ್ತುವಿನ ಗುರುತು, ಸಿಕ್ಕ ಸ್ಥಳ, ಈ ಮೂರರ ಪಕ್ಕದಲ್ಲಿ ‘ಆಧಾರ’ ಎಂಬ ಅಂಕಣ ಇರಲೇಬೇಕು: ಶಾಸನದ ಓದು, ಪ್ರಕಟಿತ ಲೇಖನ, ಶೈಲಿಯ ಮೇಲಿನ ಊಹೆ, ಊರವರ ಮಾತು. ನನ್ನ ದೃಷ್ಟಿಯಲ್ಲಿ ದಾಖಲೆಯ ಗುಣಮಟ್ಟವನ್ನು ಅಳೆಯುವ ಮೊದಲ ಪ್ರಶ್ನೆಯೇ ಇದು; ಕಾಗುಣಿತ, ಅಂದಚಂದ ಆಮೇಲಿನವು.

ಹೊಸ ವಿದ್ವಾಂಸರು ಬಂದು ಬೇರೆ ಕಾಲ ಹೇಳಿದರೆ ಹಳೆಯದನ್ನು ಅಳಿಸಬೇಡಿ. ಹೊಸದನ್ನು ಮೇಲೆ ಬರೆದು, ಹಳೆಯದು ತಾರೀಖಿನೊಂದಿಗೆ ಕೆಳಗಿರಲಿ. ಕಾಗದದ ರಿಜಿಸ್ಟರಿನಲ್ಲಿ ತಿದ್ದುವಾಗ ಬಿಳಿ ಬಣ್ಣ ಬಳಿಯದೆ, ಓದಲು ಬರುವಂತೆ ಒಂದೇ ಗೆರೆ ಎಳೆದು ಸಹಿ ಹಾಕಿ. ಖಾಲಿ ಬಿಟ್ಟ ಅಂಕಣವೂ ಗೊಂದಲವೇ: ‘ನೋಡಿಲ್ಲ’, ‘ನೋಡಿದರೂ ತಿಳಿಯಲಿಲ್ಲ’, ‘ಅನ್ವಯಿಸುವುದಿಲ್ಲ’ ಎಂಬ ಮೂರರಲ್ಲಿ ಯಾವುದೆಂದು ಬರೆಯುವ ರೂಢಿ ಬೆಳೆಸಿ.

ಕಾನೂನಿನ ಒಂದು ಸಂಗತಿಯೂ ಇಲ್ಲಿ ಸೇರುತ್ತದೆ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಸ್ತು, ಎಪ್ಪತ್ತೈದು ವರ್ಷ ದಾಟಿದ ಮಹತ್ವದ ಹಸ್ತಪ್ರತಿ ಪುರಾವಸ್ತು. ಅಧಿಸೂಚಿತ ಬಗೆಗಳಿಗೆ ನೋಂದಣಿ ಬೇಕು. ಯಾರಿಂದ, ಯಾವ ಪತ್ರದ ಮೂಲಕ ಬಂತೆಂಬುದು ದಾಖಲೆಯಲ್ಲಿ ಇಲ್ಲದಿದ್ದರೆ ಒಳ್ಳೆಯ ಉದ್ದೇಶದ ಸಂಗ್ರಾಹಕರೂ ತೊಂದರೆಗೆ ಸಿಲುಕುತ್ತಾರೆ.

ಕಪಾಟಿನಿಂದ ಕಡತಕ್ಕೆ, ಕಡತದಿಂದ ಕಪಾಟಿಗೆ

ವರ್ಷಕ್ಕೊಮ್ಮೆಯಾದರೂ ಎರಡು ದಿಕ್ಕಿನ ತಪಾಸಣೆ ಮಾಡಿ. ಪಟ್ಟಿಯಿಂದ ಐವತ್ತು ಸಂಖ್ಯೆಗಳನ್ನು ಚೀಟಿ ಎತ್ತಿ ಆರಿಸಿ, ವಸ್ತು ಹೇಳಿದ ಜಾಗದಲ್ಲಿದೆಯೇ ನೋಡಿ. ಕಾಣೆಯಾದವು ಇದರಿಂದ ತಿಳಿಯುತ್ತವೆ. ಆಮೇಲೆ ಕಪಾಟುಗಳಿಂದ ಐವತ್ತು ವಸ್ತು ಎತ್ತಿ, ಅವುಗಳ ದಾಖಲೆ ಇದೆಯೇ ನೋಡಿ. ನೋಂದಣಿಯಾಗದೆ ಒಳಗೆ ಬಂದವು ಇದರಿಂದ ತಿಳಿಯುತ್ತವೆ. ಒಂದೇ ದಿಕ್ಕಿನ ತಪಾಸಣೆ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಆ ಕಪಾಟು ನೋಡಿಕೊಳ್ಳುವವರೇ ಅದನ್ನು ತಪಾಸಣೆ ಮಾಡದಿರಲಿ.

ಫೋಟೊ ತೆಗೆಯುವಾಗ ಮುಂಭಾಗ, ಹಿಂಭಾಗ, ತಳ, ಪಕ್ಕದಲ್ಲಿ ಅಳತೆಪಟ್ಟಿ ಮತ್ತು ಸಂಖ್ಯೆಯ ಚೀಟಿ, ಜೊತೆಗೆ ಒಡೆದ ಜಾಗದ ಹತ್ತಿರದ ಚಿತ್ರ. ಕಳುವಾದ ವಸ್ತುವನ್ನು ಗುರುತಿಸಲು ರೂಪಿಸಿದ ‘ಆಬ್ಜೆಕ್ಟ್ ಐಡಿ’ ಎಂಬ ಅಂತರರಾಷ್ಟ್ರೀಯ ಮಾದರಿ ಒತ್ತಿಹೇಳುವುದು ಇಂಥ ಗಾಯ, ಕೊರೆ, ದುರಸ್ತಿಗಳನ್ನೇ. ಅವು ಒಂದರಂತೆ ಇನ್ನೊಂದು ಇರುವುದಿಲ್ಲ. ತಮಿಳುನಾಡಿನ ಶ್ರೀಪುರಂದಾನ್ ಗುಡಿಯಿಂದ ಕಳುವಾಗಿ ಆಸ್ಟ್ರೇಲಿಯಾ ಸೇರಿದ್ದ ನಟರಾಜ 2014ರಲ್ಲಿ ಮರಳಿ ಬಂದದ್ದಕ್ಕೆ ಪುದುಚೇರಿಯ ಫ್ರೆಂಚ್ ಸಂಸ್ಥೆ ಎಂದೋ ತೆಗೆದಿಟ್ಟಿದ್ದ ಚಿತ್ರಗಳು ಸಾಕ್ಷಿಯಾದವು.

ಪ್ರತಿಗಳ ಮಾತು ಕೊನೆಯದು, ಆದರೆ ಮುಂದೂಡುವಂಥದಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಸೀಮೆಯ ಊರುಗಳಿಗೆ ನುಗ್ಗಿದವು. ರಿಜಿಸ್ಟರೂ ಕಂಪ್ಯೂಟರೂ ಒಂದೇ ಕೋಣೆಯಲ್ಲಿದ್ದರೆ ಎರಡೂ ಒಟ್ಟಿಗೆ ಹೋಗುತ್ತವೆ. ಮೂರು ಪ್ರತಿ ಇರಲಿ: ಕೆಲಸದ ಕಂಪ್ಯೂಟರಿನಲ್ಲಿ ಒಂದು, ಬೇರೆ ಡಿಸ್ಕ್‌ನಲ್ಲಿ ಒಂದು, ನದಿಯಿಂದ ದೂರದ ಊರಿನಲ್ಲಿ ಅಥವಾ ಅಂತರಜಾಲದಲ್ಲಿ ಒಂದು. ಸಾದಾ ಸಿಎಸ್‌ವಿ ರೂಪದಲ್ಲೂ ಒಂದನ್ನು ಉಳಿಸಿ, ಇಪ್ಪತ್ತು ವರ್ಷದ ನಂತರ ಯಾವ ತಂತ್ರಾಂಶ ಬಂದರೂ ಅದು ತೆರೆಯುತ್ತದೆ. ಸಿ-ಡ್ಯಾಕ್ ರೂಪಿಸಿದ ‘ಜತನ್’ ತಂತ್ರಾಂಶವನ್ನು ದೇಶದ ದೊಡ್ಡ ಸಂಗ್ರಹಾಲಯಗಳು ಬಳಸುತ್ತಿವೆ. ಮುಂದೆಂದಾದರೂ ನಿಮ್ಮ ಸಂಗ್ರಹ ಅಂಥ ವ್ಯವಸ್ಥೆಗೆ ಸೇರುವುದಾದರೆ, ಅಂಕಣಗಳು ಇಂದೇ ಬೇರೆಬೇರೆಯಾಗಿದ್ದರೆ ಆ ದಾಟು ಸುಲಭ. ವರ್ಷಕ್ಕೊಮ್ಮೆ ಇಡೀ ಪಟ್ಟಿಯನ್ನು ಒಳ್ಳೆಯ ಕಾಗದದಲ್ಲಿ ಮುದ್ರಿಸಿ, ಪುಟಪುಟಕ್ಕೂ ಸಹಿ ಹಾಕಿ, ಹೊಲಿದು, ಸಂಗ್ರಹ ಇರುವ ಕಟ್ಟಡದ ಹೊರಗೆ ಎಲ್ಲಾದರೂ ಇಡಿ. ಡಿಸ್ಕ್‌ನ ಪ್ರತಿಯನ್ನು ಆರು ತಿಂಗಳಿಗೊಮ್ಮೆ ನಿಜವಾಗಿ ತೆರೆದು, ನಡುವಿನ ಹತ್ತಾರು ದಾಖಲೆಗಳನ್ನು ಓದಿ ನೋಡಿ.